ಕ್ಯಾಮರಾಕ್ಕ ಏನೋ ಆಗ್ಯಾದ್ರಿ!

ಆಳಂದದ ಬಸ್ ನಿಲ್ದಾಣದ ಎದುರಿಗಿರುವ ನನ್ನ ಕ್ಯಾಮರಾ ದುರಸ್ತಿ ಅಂಗಡಿಗೆ ದಿನಕ್ಕೊಬ್ಬರಾದರೂ ಬಂದು, ಮೇಜಿನ ಮೇಲೆ ಕ್ಯಾಮರಾ ಇಟ್ಟು, “ಇದಕ್ಕ ಏನೋ ಆಗ್ಯಾದ್ರಿ” ಅನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದಕ್ಕೆ ಏನೂ ಆಗಿರುವುದಿಲ್ಲ, ತಂದವರಿಗೇ ಆಗಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ನೆಲ ದುರಸ್ತಿ ಮಾಡುವ ಕರ್ಮ ನನ್ನದು. “ತಪ್ಪು ಕ್ಯಾಮರಾದ್ದಲ್ಲ, ನಮ್ಮದು” ಅಂತ ಒಬ್ಬರಾದರೂ ಒಪ್ಪಿಕೊಳ್ಳಲಿ ಎಂದು ಇಷ್ಟು ವರ್ಷ ಕಾಯುತ್ತಲೇ ಇದ್ದೇನೆ.

೧. ಹಣೆ

ಅಫಜಲಪುರದ ಫೋಟೋಗ್ರಾಫರ್ ಒಬ್ಬ ಒಂದು ಮಂಗಳವಾರ ಬಂದ. “ಫೋಟೋ ಎಲ್ಲಾ ಮಸುಕ ಬರಾಕತ್ತಾವ್ರಿ. ಮಟಮಟ ಮಧ್ಯಾಹ್ನ ಹೊಡದ್ರೂ ಮಂಜು ಬಿದ್ದಂಗ ಕಾಣತಾವ.”

ಬೇಸಿಗೆಯ ಅಫಜಲಪುರದಲ್ಲಿ ಮಂಜು! ನೋಡಿದರೆ ಲೆನ್ಸಿನ ಗಾಜಿನ ಮೇಲೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ.

“ಸೋಮವಾರಕ್ಕೊಮ್ಮಿ ಅವ್ವ ಪೂಜಿ ಮಾಡತಾಳ್ರಿ. ಅನ್ನ ಕೊಡೋದು ನೋಡ್ರಿ ಅದು.”

ಒರೆಸಿ ಕಳಿಸಿದೆ. ಮುಂದಿನ ಮಂಗಳವಾರ ಮತ್ತೆ ಬಂದ, ಮತ್ತೆ ಅದೇ ಮಂಜು. ತಾಯಿಗೆ ಹೇಳಪ್ಪಾ ಅಂದರೆ, “ನೀವ ಹೇಳ್ರಿ, ನನಗ ಧೈರ್ಯ ಇಲ್ಲ” ಅಂದ. ಕೊನೆಗೆ ಲೆನ್ಸಿನ ಮುಂದೆ ಒಂದು ತೆಳು ಗಾಜಿನ ಫಿಲ್ಟರ್ ತಿರುಗಿಸಿ ಕೂಡಿಸಿ, “ಇದು ಕ್ಯಾಮರಾದ ಟೋಪಿ ಇದ್ದಂಗ. ನಿಮ್ಮವ್ವ ಇದರ ಮ್ಯಾಲ ಏನರ ಹಚ್ಚಲಿ. ನೀ ಇದನ್ನ ತಗದಿಟ್ಟು ಫೋಟೋ ಹೊಡಿ” ಅಂತ ಬಿಡಿಸಿ ಹೇಳಿದೆ.

ಮುಂದಿನ ಮಂಗಳವಾರ ಬಾಗಿಲಲ್ಲಿ ಮತ್ತೆ ಅವನೇ!

“ಯಾಕಪಾ, ಟೋಪಿ ಹಾಕಿರಲಿಲ್ಲೇನು?”

“ಹಾಕಿದ್ನಿರಿ. ಇದೇನೋ ಅಂತ ಅವ್ವ ಕೇಳಿದ್ಲು. ಟೋಪಿ ಅಂದೆ. ‘ಟೋಪಿಗಿ ಯಾರರ ಈಬತ್ತಿ ಹಚ್ಚತಾರೇನಲೇ’ ಅಂತ ಅದನ್ನ ತಿರುವಿ ತಗದು, ಹಣಿಗೇ ಹಚ್ಚಿಬಿಟ್ಲ್ರಿ.”

೨. ಹಳದಿ

ಇದು ನಮ್ಮ ಆಳಂದದ್ದೇ. ಒಬ್ಬ ಸ್ಟುಡಿಯೋದವನು ಮದುಮಗಳಿಗೆ ಅರಿಶಿಣ ಹಚ್ಚುವ ಶಾಸ್ತ್ರದ ಫೋಟೋ ತಂದ. “ಮಂದಿಗೆಲ್ಲಾ ಕಾಮಣಿ ಆಗಿ ಮೈ ಹಳದಿ ಬಿದ್ದಂಗ ಕಾಣಾಕತ್ತದ. ಕ್ಯಾಮರಾ ಖರಾಬ್ ಆಗ್ಯಾದ.”

ಕ್ಯಾಮರಾ ಏನು ಮಾಡೀತು? ಹಂದರಕ್ಕೆ ಹಳದಿ ಬಟ್ಟೆ, ಮೇಲೆ ಹಳದಿ ದೀಪ. ಅದರ ಬೆಳಕಿಗೆ ತಕ್ಕಂತೆ ಬಣ್ಣದ ಸೆಟ್ಟಿಂಗ್ ಬದಲಿಸದೆ ಇವನು ಸುಮ್ಮನೆ ಗುಂಡಿ ಒತ್ತಿದ್ದಾನೆ. ಇಡೀ ಮಧ್ಯಾಹ್ನ ಊಟ ಬಿಟ್ಟು ಕೂತು, ಕಂಪ್ಯೂಟರಿನಲ್ಲಿ ಒಂದೊಂದೇ ಫೋಟೋ ತಿದ್ದಿದೆ. ಮುಖಗಳು ಮುಖದ ಬಣ್ಣಕ್ಕೆ ಬಂದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಅವನ ಸಂಗಡ ಮದುಮಗಳ ಸೋದರತ್ತೆ ಬಂದರು. ಸೊಂಟದ ಮೇಲೆ ಕೈ ಇತ್ತು.

“ಯಾವನ್ರಿ ಇದನ್ನ ಕೆಡಿಸಿದಂವ? ಒಂದು ಕೊಡ ಅರಿಶಿಣ ಕಲಸೇನಿ ನಾ! ಎಲ್ಲಿ ಹೋತದು? ನಮ್ಮ ಹುಡುಗಿಗಿ ಸುಣ್ಣ ಹಚ್ಚೀವೇನು?”

ವಾದ ಮಾಡುವ ಶಕ್ತಿ ನನಗಿರಲಿಲ್ಲ. ತಿದ್ದಿದ್ದನ್ನೆಲ್ಲ ಅಳಿಸಿ, ಮೊದಲಿನ ಕಾಮಣಿ ಫೋಟೋಗಳನ್ನೇ ತೆರೆದು ತೋರಿಸಿದೆ. ಅತ್ತೆಯವರು ಸ್ಟುಡಿಯೋದವನ ಕಡೆ ತಿರುಗಿ, “ನೋಡಿದೇನು? ಇದಕ್ಕ ಅಂತಾರ ದುರಸ್ತಿ” ಅಂದರು.

೩. ಉಸಿರು

ಕಿಣ್ಣಿ ಸುಲ್ತಾನದ ನಿವೃತ್ತ ಮಾಸ್ತರರು ಹೊಸ ಕ್ಯಾಮರಾ ಕೊಂಡಿದ್ದರು. ಫೋನ್ ಮಾಡಿ, “ಇದಕ್ಕ ನಡುಕ ಅದ. ಒಂದೊಂದು ಮುಖ ಎರಡೆರಡು ಆಗಿ ಬರಾಕತ್ತಾವ” ಅಂದರು. ನಡುಕ ಯಾರದು ಅಂತ ಹಿರಿಯರಿಗೆ ಹೇಗೆ ಹೇಳುವುದು? “ಸರ, ಗುಂಡಿ ಒತ್ತೂಮುಂದ ಒಂದೀಟು ಉಸಿರು ಹಿಡಕೊಂಡ್ರ ಸಾಕ್ರಿ” ಅಂದೆ.

ಎರಡು ದಿನಕ್ಕೆ ಮೊಬೈಲಿಗೆ ಒಂದು ಫೋಟೋ ಬಂತು. ಮಾಸ್ತರರ ಮನೆಯವರು, ಸಣ್ಣವರು ದೊಡ್ಡವರು ಇಪ್ಪತ್ತು ಮಂದಿ, ಎಲ್ಲರೂ ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ತಂದು ಕೂತಿದ್ದಾರೆ. ನಡುವಿನ ಅಜ್ಜಿಯ ಅವಸ್ಥೆ ನೋಡಿ ನನಗೇ ಭಯವಾಯಿತು. ಇಷ್ಟಾಗಿಯೂ ಫೋಟೋ ಅಲುಗಾಡಿದೆ. ಮಾಸ್ತರರಿಗೆ ಫೋನ್ ಹಚ್ಚಿದೆ.

“ಸರ, ಉಸಿರು ನೀವು ಹಿಡೀಬೇಕಿತ್ತಲ್ರಿ!”

“ನಾ ಹೆಂಗ ಹಿಡೀಲೋ? ‘ಬಿಡಬ್ಯಾಡ್ರಿ, ಬಿಡಬ್ಯಾಡ್ರಿ’ ಅಂತ ಅವರಿಗೆ ಒದರೋರು ಯಾರು?”

೪. ಮಚ್ಚೆ

ಹೋದ ಶ್ರಾವಣದಲ್ಲಿ ಜೇವರ್ಗಿಯ ಸ್ಟುಡಿಯೋದವನು ಫೋನ್ ಮಾಡಿದ. “ಕೊಳಕೂರಕ್ಕ ಲಗೂನ ಬರ್ರಿ. ನನ್ನ ಫೋಟೋದಿಂದ ಒಂದು ಹುಡುಗಿ ಬಾಳು ಹಾಳಾಗಾಕತ್ತದ.” ಧ್ವನಿ ಕೇಳಿ ನಾನು ಅಂಗಡಿ ಮುಚ್ಚಿ ಹೊರಟೆ.

ಹೋಗುವಷ್ಟರಲ್ಲಿ ಹುಡುಗಿಯ ಮನೆಯ ಪಡಸಾಲೆಯಲ್ಲಿ ಪಂಚಾಯಿತಿ ನಡೆದಿತ್ತು. ಜೇವರ್ಗಿಯಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಿದ್ದಾರೆ. ಮುಂದಿಟ್ಟ ಉಪ್ಪಿಟ್ಟನ್ನು ಯಾರೂ ಮುಟ್ಟಿಲ್ಲ. ಹುಡುಗನ ತಾಯಿ ಕೈಯಲ್ಲಿ ಹುಡುಗಿಯ ಫೋಟೋ ಹಿಡಿದು ಗುಡುಗುತ್ತಿದ್ದರು: “ಇದರಾಗ ಎಡಗಲ್ಲಕ್ಕ ಮಚ್ಚಿ ಅದ. ಲಕ್ಷ್ಮಿ ಮಚ್ಚಿ! ಅದನ್ನ ನೋಡೇ ನಾ ಒಪ್ಪೀನಿ. ಈ ಹುಡುಗಿಗಿ ಎಲ್ಲ್ಯದ? ಒಬ್ಬಾಕಿ ಫೋಟೋ ಕಳಿಸಿ ಇನ್ನೊಬ್ಬಾಕೀನ ತೋರಸಾಕತ್ತೀರೇನು?”

ಹುಡುಗಿಯ ತಂದೆ ತಲೆ ತಗ್ಗಿಸಿ ಕೂತಿದ್ದರು. ಹೆಣ್ಣು ಬದಲಿಸಿದವರು ಅಂತ ಒಮ್ಮೆ ಹೆಸರು ಬಿದ್ದರೆ ಆ ಹೊಸ್ತಿಲು ಮತ್ತೆ ಯಾರೂ ತುಳಿಯುವುದಿಲ್ಲ. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಮೂಲೆಯಲ್ಲಿ ನಿಂತಿದ್ದ ಸ್ಟುಡಿಯೋದವನ ಕ್ಯಾಮರಾ ಇಸಿದುಕೊಂಡು ಬಿಳಿ ಗೋಡೆಯ ಫೋಟೋ ಹೊಡೆದೆ. ಗೋಡೆಗೂ ಮಚ್ಚೆ! ಒಳಗೆ, ಚಿತ್ರ ಮೂಡುವ ಸೆನ್ಸರಿನ ಮೇಲೆ ಧೂಳಿನ ಕಣ ಕೂತಿತ್ತು. “ಅವ್ವಾರ, ಇದು ಮಚ್ಚಿ ಅಲ್ರಿ, ಧೂಳು. ಈ ಸಲ ಖರೇನೇ ಕ್ಯಾಮರಾಕ್ಕ ಏನೋ ಆಗ್ಯಾದ” ಅಂದೆ.

“ಸುಮ್ಮಕಿರ್ರಿ! ಕ್ಯಾಮರಾ ಯಾವಾಗರ ಸುಳ್ಳು ಹೇಳತದೇನು?”

ಮೈ ಪರಚಿಕೊಳ್ಳುವಂತಾಯಿತು. ಇಷ್ಟು ವರ್ಷ ಏನೂ ಆಗದ ಕ್ಯಾಮರಾಕ್ಕೆ ರೋಗ ಹಚ್ಚಿದ ಜನ, ಈಗ ನಿಜವಾಗಿ ಕೆಟ್ಟ ಕ್ಯಾಮರಾವನ್ನು ಸತ್ಯವಂತ ಅನ್ನುತ್ತಿದ್ದಾರೆ! ಹಟಕ್ಕೆ ಬಿದ್ದು ಹುಡುಗನ ತಾಯಿಯದೇ ಒಂದು ಫೋಟೋ ಹೊಡೆದು ತೋರಿಸಿದೆ. ಎಡಗೆನ್ನೆಯ ಮೇಲೆ ಕಪ್ಪು ಚುಕ್ಕೆ ನೋಡಿದವರೇ ಸೆರಗಿನಿಂದ ಕೆನ್ನೆ ತಿಕ್ಕಿ ತಿಕ್ಕಿ ಒರೆಸಿಕೊಂಡರು. “ಕಾಡಿಗಿ ಹತ್ತಿರಬೇಕು” ಅಂದರು. ಹುಡುಗಿಯ ತಂದೆ ಆಕೆಗೆ ಕೈಮುಗಿದು ಬೇಡಿಕೊಳ್ಳಲು ಎದ್ದರು.

ಆಗ ಒಳಬಾಗಿಲಿನಿಂದ ಹುಡುಗಿ ಹೊರಗೆ ಬಂದಳು. ಅವಳ ಕೈಯಲ್ಲೂ ಒಂದು ಫೋಟೋ ಇತ್ತು.

“ಅವ್ವಾರ, ಇದು ನೀವು ಕಳಿಸಿದ್ದು, ನಿಮ್ಮ ಮಗಂದು. ಇದೇ ಸ್ಟುಡಿಯೋದ್ದು. ಇವರಿಗೂ ಎಡಗಲ್ಲಕ್ಕ ಮಚ್ಚಿ ಅದ್ರಿ. ಅಲ್ಲಿ ಕುಂತಾರ ನೋಡ್ರಿ, ಗಲ್ಲ ಸಾಫ್ ಅದ. ಒಬ್ಬನ್ನ ತೋರಿಸಿ ಇನ್ನೊಬ್ಬನ್ನ ಕರಕೊಂಡು ಬಂದೀರೇನು ಅಂತ ನಾ ಕೇಳಿದ್ನೇನ್ರಿ?”

ಹುಡುಗ ಎಡಗೆನ್ನೆ ಮುಟ್ಟಿ ನೋಡಿಕೊಂಡ. ಮೊದಲು ನಕ್ಕವರು ಅವನ ತಾಯಿಯೇ. “ಅವ್ವಾರ ಅಂತ ಯಾರಿಗೆ ಅಂತೀ ಬೇ? ಅತ್ತಿ ಅನ್ನು!” ಅಂದು ಉಪ್ಪಿಟ್ಟಿನ ತಟ್ಟೆ ಎಳೆದುಕೊಂಡರು. ಹುಡುಗಿಯ ತಂದೆ ಕಣ್ಣು ಒರೆಸಿಕೊಂಡರು.

ಬಂದ ಕೆಲಸ ಮುಗಿಸೋಣವೆಂದು ಚೀಲದಿಂದ ಧೂಳು ಊದುವ ರಬ್ಬರ್ ಬುರುಡೆ ತೆಗೆದು, ಲೆನ್ಸ್ ಬಿಚ್ಚಿದೆ. ಅತ್ತೆಯವರು ತುತ್ತು ಅರ್ಧಕ್ಕೇ ಬಿಟ್ಟು ಚೀರಿದರು:

“ಏ, ಅದಕ್ಕ ಕೈ ಹಚ್ಚಬ್ಯಾಡ್ರಿ! ಲಗ್ನದ ಫೋಟೋ ಎಲ್ಲಾ ಅದರಾಗೇ ಹೊಡಸೋದದ. ಇಬ್ಬರಿಗೂ ಲಕ್ಷ್ಮಿ ಮಚ್ಚಿ ಬರಲಿ!”