ಅತ್ತೆಯ ಅನುಮಾನಕ್ಕೆ ಸಿಕ್ಕ ಅಧಿಕಾರ

ನಮ್ಮ ಸೋದರತ್ತೆ ಈ ಲೋಕದಲ್ಲಿ ನಂಬುವ ಏಕೈಕ ಜೀವಿ ಅವಳ ಬೆಕ್ಕು. ಅದನ್ನೂ ಹಾಲಿನ ವಿಷಯದಲ್ಲಿ ನಂಬುವುದಿಲ್ಲ. ನನ್ನನ್ನಂತೂ ಯಾವ ವಿಷಯದಲ್ಲೂ ನಂಬುವುದಿಲ್ಲ. ಹೊನ್ನಾಳಿಯಿಂದ ಅವಳನ್ನು ನೋಡಲು ಚನ್ನಗಿರಿಗೆ ಹೋದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ, "ಏನು ಕೆಲಸ ಇತ್ತು ಇತ್ಲಾಗೆ?" ಎಂದು ಕೇಳುತ್ತಾಳೆ. "ನಿನ್ನ ನೋಡಾಕೆ ಬಂದೆ ಅತ್ತೆ" ಎಂದರೆ, "ಅದು ಸರಿ, ನಿಜ ಹೇಳು" ಎನ್ನುತ್ತಾಳೆ. ನನ್ನ ಹಿಂದೆ ಇನ್ನಾರಾದರೂ ಬಂದಿದ್ದಾರೋ ಎಂದು ಬೀದಿಯ ಎರಡೂ ಕಡೆ ನೋಡಿದ ಮೇಲೆಯೇ ಕಾಫಿ.

ಅವಳು ನಮ್ಮೂರಿಗೆ ಬರುವ ರೀತಿಯನ್ನು ನೋಡಬೇಕು. ಬಸ್ಸಿನ ಬೋರ್ಡು ಓದಲು ಬರುತ್ತದೆ, ಆದರೆ ಬೋರ್ಡನ್ನು ಯಾರು ಬೇಕಾದರೂ ಬದಲಾಯಿಸಬಹುದಲ್ಲ? ಹಾಗಾಗಿ ಡ್ರೈವರನ್ನು ಕೇಳುತ್ತಾಳೆ. ಡ್ರೈವರ್ ಹೇಳಿದ್ದು ನಿಜವೇ ಎಂದು ಕಂಡಕ್ಟರನ್ನು ಕೇಳುತ್ತಾಳೆ. ಇಬ್ಬರೂ ಒಂದೇ ಉತ್ತರ ಕೊಟ್ಟರೆ ಅನುಮಾನ ಇನ್ನೂ ಜಾಸ್ತಿ, ಮೊದಲೇ ಮಾತಾಡಿಕೊಂಡಿರಬೇಕು. ಒಮ್ಮೆ ಹೊನ್ನಾಳಿಯಲ್ಲಿ ಇಳಿದಾಗ ನಾನೇ ಎದುರಿಗೆ ನಿಂತಿದ್ದೆ. ಆದರೂ ಪಕ್ಕದ ಹಣ್ಣಿನವಳನ್ನು "ಇದು ಹೊನ್ನಾಳಿನೇನಮ್ಮ?" ಎಂದು ಕೇಳಿದಳು.

ಸೂಳೆಕೆರೆಯ ಮೀನೆಂದರೆ ಅವಳಿಗೆ ಪ್ರಾಣ. ಬೀದಿಗೆ ಮೀನು ತರುವ ಸಾಬರು ಬುಟ್ಟಿ ಇಳಿಸಿದರೆ ಸಾಕು, ಕಿವಿರು ಎತ್ತಿ ನೋಡಿ, "ಇದು ಸೂಳೆಕೆರೇದೇ ಅಂತ ಏನು ಗ್ಯಾರಂಟಿ?" ಎನ್ನುತ್ತಾಳೆ.

"ಅಮ್ಮಾರೆ, ಮೀನಿಗೆ ಆಧಾರ್ ಕಾರ್ಡ್ ಮಾಡ್ಸಾಕೆ ಬರಲ್ರೀ" ಎಂದು ಸಾಬರು ಒಂದು ದಿನ ಕೈಮುಗಿದರು.

ಇಷ್ಟೆಲ್ಲ ಅನುಮಾನದಿಂದ ಯಾರಿಗೂ ಕೂದಲೂ ಕೊಂಕಿರಲಿಲ್ಲ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದ ವಿಧವೆಯ ಮಾತನ್ನು ಯಾರು ತಾನೆ ಕಿವಿಗೆ ಹಾಕಿಕೊಳ್ಳುತ್ತಾರೆ? ಬೀದಿಗೆ ಅವಳೊಂದು ತಮಾಷೆ, ಅಷ್ಟೆ.

ಕಳೆದ ವರ್ಷ ಆ ಬೀದಿಯಲ್ಲಿ ನ್ಯಾಮತಿಯ ಹೆಂಗಸೊಬ್ಬರು ಬ್ಯೂಟಿ ಪಾರ್ಲರ್ ತೆರೆದರು. ಕೆಲಸಕ್ಕೆ ಮಿಜೋರಾಂನಿಂದ ಒಬ್ಬ ಹುಡುಗಿಯನ್ನು ಕರೆಸಿದರು. ಅತ್ತೆಯ ವಿಚಾರಣೆ ಬೀದಿ ನಲ್ಲಿಯ ಹತ್ತಿರ ನಡೆಯಿತು.

"ಹೆಸರು?"

"ಮೇರಿ."

"ಅದು ಇಲ್ಲಿಗೆ ಅಂತ ಇಟ್ಕಂಡಿದ್ದು. ನಿಜವಾದ ಹೆಸರು ಹೇಳು."

"ಮೇರಿನೇ ಆಂಟಿ."

"ಯಾವೂರು?"

"ಮಿಜೋರಾಂ."

"ಇದ್ಯಾವ ರಾಮ? ನಾನು ಕೇಳೇ ಇಲ್ಲ" ಎಂದು ಅತ್ತೆ ಕೊಡ ಎತ್ತಿಕೊಂಡು ಬಂದಳು. ಅಂದಿನಿಂದ ನಮ್ಮ ಮನೆಯ ಮಾತಿನಲ್ಲಿ ಆ ಹುಡುಗಿ "ಚೀನಾದೋಳು" ಆದಳು. ಮೇರಿ ಕನ್ನಡ ಕಲಿತಿದ್ದೆಲ್ಲ ಹುಬ್ಬು ತೀಡಿಸಿಕೊಳ್ಳಲು ಬರುವ ಹೆಂಗಸರ ಬಾಯಿಂದ. ಹಾಗಾಗಿ ಅತ್ತೆ ಸೊಸೆ ಜಗಳಕ್ಕೆ ಬೇಕಾದ ಮಾತುಗಳೆಲ್ಲ ಅವಳಿಗೆ ಬರುತ್ತಿದ್ದವು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಲು ಬರುತ್ತಿರಲಿಲ್ಲ. ಇದೂ ಅತ್ತೆಗೆ ಅನುಮಾನವೇ. "ಇಷ್ಟು ಬೇಗ ಹೆಂಗೆ ಕಲಿತ್ಲು? ಯಾರೋ ಕಲಿಸಿ ಕಳಿಸಿದಾರೆ."

ಆ ಸಲ ನನ್ನ ಜೊತೆ ಮಗಳೂ ಬಂದಿದ್ದಳು. ಅವಳು ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಾಳೆ, ಮನೆಯಲ್ಲಿ ನಮಗೆಲ್ಲ ಅದನ್ನೇ ಪಾಠ ಮಾಡುತ್ತಾಳೆ. "ಅಜ್ಜಿ, ಮುಖ ನೋಡಿ ಚೀನಾದೋಳು ಅನ್ನೋದು ಜನಾಂಗಭೇದ" ಎಂದಳು.

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ನಾನು ಮದುವೆಯಾಗಿ ಜಗಳೂರು ಕಡೆ ಬಿಳಿಚೋಡಿಗೆ ಹೋದಾಗ ನಮ್ಮತ್ತೆ ಹತ್ತು ಜನರ ಮುಂದೆ ಏನಂದ್ಲು ಗೊತ್ತಾ? 'ಕತ್ಲಾಗೆ ಇವಳು ನಕ್ರೆ ಮಾತ್ರ ಸಿಗ್ತಾಳೆ' ಅಂದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ. ಅವಾಗ ಯಾವ ಪುಸ್ತಕದೋರೂ ಬರಲಿಲ್ಲ. ಈಗ ನಾನೊಂದು ಮಾತಂದ್ರೆ ಭೇದಾನಾ?"

ಮಗಳು ಸ್ವಲ್ಪ ಮೆತ್ತಗಾದಳು. ಸಮಾಧಾನ ಹೇಳಲು ಹೋಗಿ, "ಬರೀ ದ್ವೇಷ ಇದ್ರೆ ಅದು ಜನಾಂಗಭೇದ ಆಗಲ್ಲ ಅಜ್ಜಿ, ಜೊತೆಗೆ ಅಧಿಕಾರನೂ ಇರಬೇಕು ಅಂತ ಕೆಲವರು ಹೇಳ್ತಾರೆ" ಎಂದುಬಿಟ್ಟಳು.

"ಅಧಿಕಾರ ಬೇಕಾ?" ಅತ್ತೆಯ ಮುಖ ಅರಳಿತು. "ಹಂಗಾದ್ರೆ ನಾನು ಬಚಾವು. ನನ್ನ ಮಾತು ಈ ಬೆಕ್ಕೂ ಕೇಳಲ್ಲ."

ಮುಂದಿನ ಕೆಲವು ವಾರ ಅತ್ತೆ ಈ ಪರವಾನಗಿಯನ್ನು ಧಾರಾಳವಾಗಿ ಬಳಸಿಕೊಂಡಳು. ಯಾರೇನಾದರೂ ಆಕ್ಷೇಪಿಸಿದರೆ "ನನಗೆ ಅಧಿಕಾರ ಇಲ್ಲ, ಏನು ಬೇಕಾದ್ರೂ ಅನಬಹುದು" ಎನ್ನುತ್ತಿದ್ದಳಂತೆ.

ಮೇರಿ ಆಗ ಪಾರ್ಲರಿನ ಹಿಂದಿನ ಸಣ್ಣ ಜಾಗದಲ್ಲೇ ಮಲಗುತ್ತಿದ್ದಳು. ಅತ್ತೆಯ ಎದುರುಮನೆಯ ಮಹಡಿಯಲ್ಲಿ ಒಂದು ರೂಮು ಖಾಲಿಯಾಯಿತು. ಆ ಮನೆಯ ಯಜಮಾನರು ಅಡಿಕೆ ವ್ಯಾಪಾರದವರು, ಬೀದಿಯಲ್ಲಿ ದೊಡ್ಡ ಮನುಷ್ಯರು. ಮೇರಿ ರೂಮು ಕೇಳಿದ ಸಂಜೆ ಅವರು ಅತ್ತೆಯ ಬಾಗಿಲಿಗೆ ಬಂದರು. ಅವರು ಅತ್ತೆಯ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

"ಹೆಂಗ್ರೀ ಆ ಹುಡುಗಿ? ದಿನಾ ನೋಡ್ತಿರ್ತೀರಲ್ಲ."

ಅತ್ತೆ ಯಾವಾಗಲೂ ಹೇಳುವುದನ್ನೇ ಹೇಳಿದಳು. "ಯಾಕೋ ನಂಗೆ ಅನುಮಾನ."

ಮರುದಿನ ಮೇರಿಗೆ ರೂಮು ಇಲ್ಲವೆಂದಾಯಿತು. ಅತ್ತೆಗೆ ಊಟ ಸೇರಲಿಲ್ಲ. ಮೀನು ಕೆಟ್ಟಿದೆ ಎಂದು ದಿನವೂ ಅಂದರೂ ಊರೆಲ್ಲ ಮೀನು ಕೊಳ್ಳುತ್ತದೆ, ಬಸ್ಸು ತಪ್ಪು ಎಂದರೂ ಬಸ್ಸು ಹೊರಡುತ್ತದೆ. ಈ ಮಾತು ಮಾತ್ರ ಹೆಂಗೆ ನಡೆಯಿತು? ತಡೆಯಲಾರದೆ ಎದುರುಮನೆಗೆ ಹೋದಳು.

"ನಾನು ಸುಮ್ನೆ ಅಂದಿದ್ರೀ. ನಾನು ಎಲ್ಲರ ಮೇಲೂ ಹಂಗೇ ಅಂತೀನಿ. ನಿಮ್ಮ ಮೇಲೂ ಅಂದಿದೀನಿ."

ಅವರು ನಕ್ಕರು. "ನನ್ನ ಮನಸ್ಸಿನಾಗೂ ಅದೇ ಇತ್ತು ಬಿಡ್ರಿ. ನಿಮ್ಮ ಬಾಯಿಂದ ಬಂದಿದ್ದು ಒಳ್ಳೇದೇ ಆತು. ಅಕ್ಕಪಕ್ಕದೋರು ಒಪ್ಪಲ್ಲ ಅಂತ ಹೇಳಾಕೆ ಅನುಕೂಲ ಆತು."

"ಈಗ ಒಪ್ತೀನಿ ಅಂತಿದೀನಲ್ಲ."

"ಅದೆಲ್ಲ ಈಗ ಯಾಕೆ, ಬಿಡ್ರಿ" ಎಂದು ಅವರು ಬಾಗಿಲು ಮುಂದೆ ಮಾಡಿದರು. ಕೆಡಿಸುವಾಗ ಕೇಳಿದ ಕಿವಿ ಸರಿಪಡಿಸುವಾಗ ಕೇಳಲಿಲ್ಲ.

ಅತ್ತೆ ಮನೆಗೆ ಬಂದವಳೇ ನನ್ನ ಮಗಳಿಗೆ ಫೋನ್ ಹಚ್ಚಿದಳು. "ಅಧಿಕಾರ ಇಲ್ಲದೋಳು ಅಂದ್ಲು. ಅಧಿಕಾರ ಇರೋನು ಅದನ್ನ ಹಿಡ್ಕಂಡ. ರೂಮು ಹೋಗಿದ್ದು ಆ ಹುಡುಗೀದು. ಭೇದ ಮಾಡಿದ್ದು ಯಾರು? ನಿನ್ನ ಪುಸ್ತಕದಾಗೆ ನೋಡಿ ಹೇಳು."

ಮಗಳು ಪುಸ್ತಕ ತಿರುವಿ ಹಾಕಿ, "ಅಜ್ಜಿ, ಇದು ಸಿಲಬಸ್ಸಿನಲ್ಲಿ ಇಲ್ಲ" ಎಂದಳು.

"ಅನ್ಕಂಡೆ. ಆ ಪುಸ್ತಕದ ಮೇಲೆ ಮೊದ್ಲಿಂದ ನಂಗೆ ಅನುಮಾನ ಇತ್ತು" ಎಂದು ಅತ್ತೆ ಫೋನ್ ಇಟ್ಟಳು.

ಮಾರನೆಯ ದಿನ ಅವಳು ಜನ್ಮದಲ್ಲಿ ಮೊದಲ ಸಲ ಬ್ಯೂಟಿ ಪಾರ್ಲರಿನ ಮೆಟ್ಟಿಲು ಹತ್ತಿದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಮೇರಿ ಒಬ್ಬಳೇ ಇದ್ದಳು, ಕುರ್ಚಿ ಒರೆಸಿ ಕೂರಿಸಿದಳು. ಅತ್ತೆ ಕೂರಲಿಲ್ಲ.

"ರೂಮು ತಪ್ಪಿಸಿದ್ದು ನಾನು."

"ಗೊತ್ತು ಆಂಟಿ. ಆ ಮನೆ ಓನರ್ ಹೇಳಿದ್ರು."

"ಗೊತ್ತಿದ್ದೂ ಬೆಳಿಗ್ಗೆ ನಂಗೆ ನಮಸ್ತೆ ಅಂದ್ಯಲ್ಲ, ಯಾಕೆ?" ಅತ್ತೆಗೆ ಇದರಲ್ಲೂ ಅನುಮಾನ.

ಮೇರಿ ಹುಬ್ಬು ತೀಡುವ ದಾರದ ಉಂಡೆಯನ್ನು ಸುತ್ತುತ್ತಾ ಹೇಳಿದಳು, "ಈ ಬೀದೀಲಿ ನನ್ನ ಹೆಸರು ಕೇಳಿದ್ದು ನೀವೊಬ್ರೇ. ಬೇರೆಯವರೆಲ್ಲ ಪಾರ್ಲರ್ ಹುಡುಗಿ ಅಂತಾರೆ."

ಅತ್ತೆ ಆಮೇಲೆ ಕೂತಳಂತೆ. "ನಮ್ಮ ಮುಂದಿನ ಕೋಣೆ ಖಾಲಿ ಐತೆ. ಬರೋದಾದ್ರೆ ಬಾ. ಆದ್ರೆ ನಾನು ಅನುಮಾನ ಪಡೋದು ಬಿಡಲ್ಲ, ಮೊದ್ಲೇ ಹೇಳ್ತೀನಿ" ಎಂದಳು.

"ನಾನೂ ಬಿಡಲ್ಲ ಆಂಟಿ" ಎಂದಳು ಮೇರಿ.

ಹೀಗೆ ಶುರುವಾದ ಸಂಸಾರ ಚೆನ್ನಾಗಿಯೇ ನಡೆಯುತ್ತಿದೆ. ಮೇರಿ ಸೊಪ್ಪನ್ನು ಬರೀ ನೀರಲ್ಲಿ ಬೇಯಿಸಿದರೆ ಅತ್ತೆ ಮುಚ್ಚಳ ತೆಗೆದು ನೋಡುತ್ತಾಳೆ. ಅತ್ತೆಯ ಸಾರಿಗೆ ಮೆಣಸಿನಕಾಯಿ ಬಿದ್ದರೆ ಮೇರಿ ನೋಡುತ್ತಾಳೆ. ಪಾರ್ಲರಿನಿಂದ ಬರುವುದು ಸ್ವಲ್ಪ ತಡವಾದರೆ ಅತ್ತೆ ಬಾಗಿಲಲ್ಲಿ ನಿಂತು ದಾರಿಹೋಕರನ್ನೆಲ್ಲ ದುರುಗುಟ್ಟಿ ನೋಡುತ್ತಾಳೆ. "ಈ ಊರಿನೋರನ್ನ ನಂಬಾಕೆ ಆಗಲ್ಲ, ಪಾಪ ಪರದೇಸಿ ಹುಡುಗಿ" ಎನ್ನುತ್ತಾಳೆ.

ಮೊನ್ನೆ ಭಾನುವಾರ ನಾನು ಹೋದಾಗ ಮೇರಿಯ ತಾಯಿ ವಿಡಿಯೋ ಕಾಲ್ ಮಾಡಿದ್ದರು. ಹಣ್ಣಾದ ಕೂದಲಿನ, ದಪ್ಪ ಶಾಲು ಹೊದ್ದ ಹೆಂಗಸು. ಮೇರಿ ಫೋನನ್ನು ಅತ್ತೆಯ ಕಡೆ ತಿರುಗಿಸಿದಳು. ಆ ತಾಯಿ ಕಣ್ಣು ಕಿರಿದು ಮಾಡಿ ನೋಡಿ, ತಗ್ಗಿದ ದನಿಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಮೇರಿ ನಮ್ಮನ್ನು ನೋಡಿದಳು.

"ಏನಂತಾರೆ ನಿಮ್ಮವ್ವ?"

"ಏನಿಲ್ಲ ಆಂಟಿ."

"ಮುಚ್ಚಿಡಬ್ಯಾಡ, ಹೇಳು."

"ಇವರು ಇಷ್ಟು ಕಪ್ಪಗಿದಾರೆ, ನಂಬಬಹುದಾ ಅಂತ ಕೇಳ್ತಾರೆ."

ನಾನು ತಲೆ ತಗ್ಗಿಸಿದೆ. ಈಗ ಆಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅತ್ತೆ ಮೇರಿಯ ಕಡೆ ತಿರುಗಿದಳು.

"ಎಷ್ಟು ದಿನದ ಹಾದಿ ನಿಮ್ಮೂರಿಗೆ?"

"ರೈಲು, ಆಮೇಲೆ ಬಸ್ಸು. ನಾಲ್ಕೈದು ದಿನ ಆಗುತ್ತೆ."

"ಅಷ್ಟು ದೂರ ಮಗಳನ್ನ ಕಳಿಸಿ ಕೂತೋಳು ಕೇಳದೆ ಇರ್ತಾಳಾ" ಎಂದು ಅತ್ತೆ ಮೇಲೆದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಹೊರಗಿನ ಜಗಲಿಗೆ ಹೋಗಿ ಬಿಸಿಲಿಗೆ ಮುಖ ಮಾಡಿ ನಿಂತಳು. "ಇಲ್ಲಿ ಹಿಡಿ ಫೋನು. ಒಳಗೆ ಬೆಳಕು ಸಾಲದು. ಸರಿಯಾಗಿ ನೋಡ್ಲಿ."

ಅಲ್ಲಿ ಆ ತಾಯಿ ಕನ್ನಡಕ ಹುಡುಕಿ ಹಾಕಿಕೊಂಡರು. ಅತ್ತೆ ಅಲುಗಾಡದೆ ನಿಂತಿದ್ದಳು. ಮೇರಿ ಎರಡೂ ಕೈಯಲ್ಲಿ ಫೋನ್ ಹಿಡಿದು, ಅವರಿಬ್ಬರೂ ನೋಡಿ ಮುಗಿಸುವವರೆಗೆ ಕಾದಳು.