ಸದ್ದಿಲ್ಲದ ಬೇರಿಂಗ್

ಶನಿವಾರ ಬೆಳಿಗ್ಗೆ ಸಿದ್ರಾಮ ತನ್ನ ಹೆಡ್‌ಫೋನಿನ ಮೇಲೆ ತಾನೇ ಕೂತುಬಿಟ್ಟ. ಲಟಕ್ ಎಂದಿತು, ಅಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಇಡೀ ಬಿಲ್ಡಿಂಗಿನ ನೀರಿನ ಮೋಟರು ಬಿಚ್ಚಬೇಕಾಗುತ್ತದೆ ಎಂದು ಯಾರು ತಾನೇ ಎಣಿಸುತ್ತಾರೆ?

ವಾರವೆಲ್ಲ ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯಲ್ಲಿ, ಬೇರಿಂಗು ತಿರುಗುವ ಸದ್ದು ಕೇಳಿಯೇ ಪಾಸು ಮಾಡುವ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವ ಸಿದ್ರಾಮ ರಜೆಯ ದಿನ ಡಿಜೆ. ಅವನ ಪ್ರಾಣವೆಲ್ಲ ಜಂಗಲ್ ಎಂಬ ಸಂಗೀತದಲ್ಲಿ, ಅದರಲ್ಲೂ ಜಾಝ್ ಬೆರೆತ ಜಂಗಲ್‌ನಲ್ಲಿ. ಕೆಳಗೆ ಡ್ರಮ್ಮುಗಳು ಬಸ್ಸು ತಪ್ಪಿಹೋಗುತ್ತಿರುವವರ ಹಾಗೆ ಎದ್ದುಬಿದ್ದು ಓಡುತ್ತಿದ್ದರೆ, ಮೇಲೆ ಸ್ಯಾಕ್ಸೊಫೋನು ಯಾವ ಊರಿಗೂ ಹೋಗಬೇಕಿಲ್ಲದವರ ಹಾಗೆ ಆರಾಮಾಗಿ ಹಾಡುತ್ತಿರುತ್ತದೆ. ಆದರೆ ಎರಡು ವರ್ಷದಿಂದ ಅವನಿಗೆ ಸಿಕ್ಕಿದ್ದೆಲ್ಲ ಮದುವೆ ರಿಸೆಪ್ಷನ್ನುಗಳು. ಅಲ್ಲಿ ಐದು ನಿಮಿಷ ಜಂಗಲ್ ಹಾಕಿದರೆ ಯಾರಾದರೊಬ್ಬರು ಬಂದು, "ಗುರು, ಎಲ್ಲೋ ಸಿಕ್ಕಾಕೊಂಡಿದೆ ನೋಡು" ಎನ್ನುತ್ತಿದ್ದರು.

ಈಗ ವೈಟ್‌ಫೀಲ್ಡಿನ ಕ್ಲಬ್ಬೊಂದರಲ್ಲಿ ಭಾನುವಾರ ಮಧ್ಯಾಹ್ನದ ಪಾರ್ಟಿ ನಡೆಸುವ ಕಾವ್ಯಾ ಅವನಿಗೊಂದು ಅವಕಾಶ ಕೊಟ್ಟಿದ್ದಳು. "ಒಂದ್ಗಂಟೆ ನುಡಿಸಿ, ರೆಕಾರ್ಡ್ ಮಾಡಿ, ಶನಿವಾರ ಮೂರರೊಳಗೆ ಕಳ್ಸಿ. ಇಷ್ಟ ಆದ್ರೆ ಭಾನುವಾರ ಸ್ಟೇಜ್ ನಿಮ್ದು. ನಮ್ಮಲ್ಲಿ ಲ್ಯಾಪ್‌ಟಾಪ್ ನಡೆಯಲ್ಲ, ಹಳೇ ಗ್ರಾಮಫೋನ್ ತಟ್ಟೆ ಮಾತ್ರ."

ಹೆಡ್‌ಫೋನು ಹೋದ ಮೇಲೆ ಸ್ಪೀಕರೇ ಗತಿ. ಆದರೆ ಚಿಕ್ಕಬಾಣಾವರದಲ್ಲಿ ಅವನಿದ್ದ ಮಹಡಿ ರೂಮಿನ ಬಾಡಿಗೆ ಕರಾರಿನಲ್ಲಿ ಸಂಗೀತ ಕೂಡದು ಎಂದೇ ಬರೆದಿತ್ತು. ಹಿಂದೆ ಕೀಬೋರ್ಡ್ ನುಡಿಸುತ್ತಿದ್ದವನೊಬ್ಬ ಮೂರೇ ದಿನಕ್ಕೆ ಮಂಚ ಹೊತ್ತುಕೊಂಡು ಹೊರಟಿದ್ದ. ಸಿದ್ರಾಮ ದೇವರ ಮೇಲೆ ಭಾರ ಹಾಕಿ, ಸೆಕೆಗೆ ಕಿಟಕಿ ತೆರೆದು, ನಡುನಡುವೆ ತನ್ನ ಹೆಸರು ಹೇಳಿಕೊಳ್ಳಲು ಮೈಕನ್ನು ಮುಂದಿಟ್ಟುಕೊಂಡು ಶುರುಮಾಡಿದ.

ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ಇಳಿದು ಬಂದರೆ ಮನೆಯೊಡತಿ ಅಶ್ವತ್ಥಮ್ಮ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿ, ಸಿದ್ರಾಮನ ಕಿಟಕಿಯ ನೇರ ಕೆಳಗೆ, ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟರು.

"ಮೋಟ್ರು ಬಡ್ಕೊತಾ ಐತೆ ಕಣಪ್ಪ. ಇಡೀ ಮನೆ ಅದುರ್ತಿತ್ತು. ನೋಡು, ಆರಿಸಿದ್ ತಕ್ಷಣ ಸದ್ದು ನಿಂತೋಯ್ತು."

ಮೇನ್ ಆರಿಸಿದರೆ ಮಹಡಿಯ ಸ್ಪೀಕರೂ ನಿಲ್ಲುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಸಿದ್ರಾಮನೂ ಹೇಳಲು ಹೋಗಲಿಲ್ಲ.

ಅಷ್ಟರಲ್ಲಿ ಅವರ ಗಂಡ ಚಿಕ್ಕಬೈರಪ್ಪ ಟವೆಲ್ ಕೊಡವಿಕೊಂಡು ಬಂದರು. "ನೀನು ಬೇರಿಂಗ್ ಕಂಪ್ನಿಯೋನಲ್ವಾ? ನೀನೇ ಯೋಳು, ಏನಾಗೈತೆ ಇದುಕ್ಕೆ?"

ಸಿದ್ರಾಮನಿಗೆ ಆ ಮಂಚ ಕಣ್ಣ ಮುಂದೆ ಬಂತು. "ಬೇರಿಂಗ್ ಹೋಗಿದೆ ಸಾರ್" ಎಂದುಬಿಟ್ಟ. ಹಸಿ ಸುಳ್ಳು. ಒಂದು ಸುಳ್ಳಿನ ಬೆನ್ನಿಗೇ ಇನ್ನೊಂದು ಹೊಳೆಯಿತು. "ಆದ್ರೆ ಬಿಚ್ಚೋಕ್ ಮುಂಚೆ ಒಂದ್ಗಂಟೆ ಓಡಿಸಿ ಟೆಸ್ಟ್ ಮಾಡ್ಬೇಕು, ಅದು ರೂಲ್ಸು. ತುಂಬಿದ ನೀರು ಪೈಪಲ್ಲಿ ವಾಪಸ್ ಸಂಪಿಗೇ ಬಿಡಿ. ಎಂಥ ಸದ್ದು ಬಂದ್ರೂ ಆರಿಸ್ಬೇಡಿ. ನಾನು ರೂಮಿಂದ್ಲೇ ಕೇಳಿ ಬರ್ಕೊತೀನಿ."

ಮೋಟರು ಶುರುವಾಯಿತು, ಮೇಲೆ ಸಿದ್ರಾಮನೂ ಶುರುಮಾಡಿದ. ಯಾರ ಭಯವೂ ಇಲ್ಲದೆ ಇಡೀ ಒಂದು ಗಂಟೆ ಮೈಮರೆತು ನುಡಿಸಿದ. ಕೆಳಗೆ ಗಂಡ ಹೆಂಡತಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಫಿ ಕುಡಿಯುತ್ತ ಮೋಟರಿನ ಕಾಯಿಲೆ ಆಲಿಸುತ್ತಿದ್ದರು.

"ಮಧ್ಯದಾಗೆ ಯಾರೋ ಅತ್ತಂಗೆ ಕೇಳ್ತದಲ್ಲ" ಎಂದರು ಅಶ್ವತ್ಥಮ್ಮ, ಸ್ಯಾಕ್ಸೊಫೋನು ಬಂದಾಗ.

"ಪೈಪಲ್ಲಿ ಗಾಳಿ ಸಿಕ್ಕಾಕೊಂಡೈತೆ, ಸುಮ್ಕಿರು" ಎಂದರು ಚಿಕ್ಕಬೈರಪ್ಪ. ಅವರ ಕಾಲು ಮಾತ್ರ ತಾಳ ಹಾಕುತ್ತಿತ್ತು.

ಎರಡಕ್ಕೆ ರೆಕಾರ್ಡಿಂಗ್ ಕಳಿಸಿದ ಮೇಲೆ ಸಿದ್ರಾಮನಿಗೆ ನಾಚಿಕೆಯಾಯಿತು. ಪಾಪ, ತನ್ನ ಮಾತು ನಂಬಿ ಅವರು ಮೋಟರು ಬಿಚ್ಚಿಸಲು ಹೊರಟಿದ್ದಾರೆ. ಪ್ರಾಯಶ್ಚಿತ್ತಕ್ಕೆಂದು ಪೀಣ್ಯಕ್ಕೆ ಬೈಕಿನಲ್ಲಿ ಹೋಗಿ, ತಾನೇ ಪರೀಕ್ಷೆ ಮಾಡಿ ಪಾಸು ಮಾಡಿದ ಅತ್ಯುತ್ತಮ ಬೇರಿಂಗ್ ಕೊಂಡ. ಮೆಕ್ಯಾನಿಕ್ ಮುರಿಗೆಪ್ಪನನ್ನೂ ಹಿಂದೆ ಕೂರಿಸಿಕೊಂಡು ಬಂದ.

ಮುರಿಗೆಪ್ಪ ಕೆಲಸ ಮುಗಿಸುವ ಹೊತ್ತಿಗೆ, ಮೇಲೆ ರೂಮಿನಲ್ಲಿದ್ದ ಸಿದ್ರಾಮನಿಗೆ ಕಾವ್ಯಾಳ ಫೋನು ಬಂತು.

"ಸಿದ್ರಾಮ್, ಜಂಗಲ್ ನುಡಿಸೋರು ಬೇಕಾದಷ್ಟು ಜನ ಕಳಿಸ್ತಾರೆ. ಆದ್ರೆ ನಿಮ್ಮದ್ರಲ್ಲಿ ಮೊದ್ಲಿಂದ ಕೊನೆತನಕ ಒಂದು ಕುಂಟೋ ಡ್ರಮ್ ಇದೆಯಲ್ಲ, ತಗಡು ಬಡಿದ ಹಾಗೆ? ಅಂಥದ್ದು ನಾನು ಎಲ್ಲೂ ಕೇಳಿಲ್ಲ ಕಣ್ರೀ. ಯಾವ ತಟ್ಟೆ ಅದು?"

ಒಳ್ಳೆಯ ತಟ್ಟೆಯ ಹೆಸರು ಬಿಟ್ಟುಕೊಡದಿರುವುದು ಡಿಜೆಗಳ ಹಳೇ ಕಟ್ಟಳೆ. ಯಾವ ಡ್ರಮ್ಮೆಂದು ತನಗೇ ತಿಳಿಯದಿದ್ದರೂ ಸಿದ್ರಾಮ ಗತ್ತು ಬಿಡಲಿಲ್ಲ. "ಹೆಸರು ಹೇಳೋ ಹಾಗಿಲ್ಲ ಮೇಡಂ. ಪ್ರಪಂಚದಲ್ಲಿ ಅದೊಂದೇ ಇರೋದು, ಅದೂ ನನ್ನ ಹತ್ರ."

"ಹಾಗಾದ್ರೆ ನಾಳೆ ತನ್ನಿ. ಅದಿದ್ರೆ ಸ್ಟೇಜ್ ನಿಮ್ದು. ಇಲ್ದಿದ್ರೆ ಬೇಡ."

ಅವನು ರೆಕಾರ್ಡಿಂಗ್ ಹಾಕಿ ಕಿವಿಗೊಟ್ಟ. ಸ್ಯಾಕ್ಸೊಫೋನು, ಡ್ರಮ್ಮು, ಅವುಗಳಡಿಯಲ್ಲಿ ಕಟ ಕಟಾ ಕಟ. ಅವನ ಯಾವ ತಟ್ಟೆಯಲ್ಲೂ ಇಲ್ಲದ ಸದ್ದು. ಮುಂದೆ ಆನ್ ಆಗೇ ಇದ್ದ ಮೈಕು, ಅದರ ಮುಂದೆ ತೆರೆದ ಕಿಟಕಿ, ಕಿಟಕಿಯ ಕೆಳಗೆ ಮೋಟರು. ದಿನಕ್ಕೆ ಐನೂರು ಬೇರಿಂಗ್ ಕೇಳಿ ನೋಡುವವನಿಗೆ ಸಾಯುತ್ತಿದ್ದ ಒಂದು ಬೇರಿಂಗಿನ ಸದ್ದು ಬೆಳಿಗ್ಗೆ ತಿಳಿದೇ ಇರಲಿಲ್ಲ. ಅವನು ಹೇಳಿದ್ದ ಸುಳ್ಳು ನಿಜವಾಗಿತ್ತು.

ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದ. "ಅಣ್ಣ, ಹಾಕ್ಬೇಡಿ, ಹಳೇದೇ ಇರ್ಲಿ."

ಮುರಿಗೆಪ್ಪ ಕೈ ಒರೆಸಿಕೊಳ್ಳುತ್ತಿದ್ದ. ಮೋಟರು ಓಡುತ್ತಿತ್ತು, ಓಡುತ್ತಿದೆಯೆಂದು ಮುಟ್ಟಿಯೇ ತಿಳಿಯಬೇಕಿತ್ತು. "ಹಾಕಿ ಆತಲ್ರೀ. ನೀವ್ ಹೇಳಿದ್ದ ಖರೆ, ಪೂರಾ ಹಾಳಾಗಿತ್ತು. ಇನ್ನ ಐದ್ ವರ್ಷ ಪಿಟ್ ಅನ್ನಂಗಿಲ್ಲ."

"ಹಳೇದೆಲ್ಲಿ?"

"ಈಗಷ್ಟ ಗುಜರಿ ಗಾಡ್ಯಾಗ ಹೋತು."

ಚಿಕ್ಕಬೈರಪ್ಪ ಅವನ ಬೆನ್ನು ತಟ್ಟಿದರು. "ನಿನ್ನಂಥೋನು ಬಾಡಿಗೆಗೆ ಸಿಕ್ಕಿದ್ದು ನಮ್ ಪುಣ್ಯ ಕಣಪ್ಪ."

ಅಶ್ವತ್ಥಮ್ಮ ಕಿವಿಗೆ ಕೈ ಹಿಡಿದು ಆಲಿಸಿ, ಸಂತೋಷದಿಂದ ನಕ್ಕರು. "ಎಷ್ಟ್ ಸೈಲೆಂಟಾಗೋಯ್ತು ನೋಡು. ಇನ್ಮೇಲೆ ನಿನ್ ರೂಮಲ್ಲಿ ಒಂದ್ ಚಮಚ ಬಿದ್ರೂ ನಮಗೆ ಕೇಳುಸ್ತದೆ."