ಹನೂರು ಬಸ್ಸಿನಲ್ಲಿ ತೋಳ

ನಾಯಿಗೆ ಹೆದರುವ ಮನುಷ್ಯ ಸೈಕಲ್ ಕಲಿಯಬಾರದು. ನಡೆದುಹೋಗುವವನನ್ನು ನಾಯಿ ಒಮ್ಮೆ ಮೂಸಿ, ಇವನಿಂದ ಏನೂ ಗಿಟ್ಟುವುದಿಲ್ಲ ಎಂದು ಬಿಟ್ಟುಬಿಡುತ್ತದೆ. ಸೈಕಲ್ ಏರಿದವನನ್ನು ಮಾತ್ರ ಏನೋ ಕದ್ದು ಓಡುತ್ತಿರುವವನೆಂದೇ ತಿಳಿಯುತ್ತದೆ. ಪೆಡಲು ತುಳಿಯಬೇಕಾದ ಎರಡೂ ಕಾಲನ್ನು ಎತ್ತಿ ಹ್ಯಾಂಡಲಿನ ಮೇಲಿಟ್ಟುಕೊಂಡರೆ ಸೈಕಲ್ ಎಷ್ಟು ದೂರ ಹೋದೀತು ಎಂಬುದನ್ನು, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಹನೂರಿನಲ್ಲಿ ಚರಿತ್ರೆಯ ಮೇಷ್ಟರಾಗಿದ್ದಾಗ, ದಿನವೂ ಪ್ರಯೋಗ ಮಾಡಿ ತಿಳಿದಿದ್ದೇನೆ. ನಮ್ಮ ಬಾಡಿಗೆ ಮನೆಯ ಬೀದಿಯ ತಿರುವಿನಲ್ಲಿ, ಎಣ್ಣೆಗಾಣದ ಗೋಡೆಯ ನೆರಳಲ್ಲಿ, ಒಂದು ಕಂದು ಬಣ್ಣದ ಹೆಣ್ಣುನಾಯಿ ಮಲಗಿರುತ್ತಿತ್ತು. ಊರಿನವರೆಲ್ಲ ಅದನ್ನು ಸಾಧುಪ್ರಾಣಿ ಎನ್ನುತ್ತಿದ್ದರು. ಆ ಸಾಧುತನ ನನ್ನ ಸೈಕಲ್ಲಿನ ಬೆಲ್ಲು ಕೇಳುವವರೆಗೆ ಮಾತ್ರ. ಬೆಲ್ಲು ಹೊಡೆಯದೆ ಬಂದರೆ ವಾಸನೆ ಹಿಡಿಯುತ್ತಿತ್ತು. ತರಗತಿಯಲ್ಲಿ ಮೇಜು ಗುದ್ದಿ ಪಾಣಿಪತ್ತಿನ ಯುದ್ಧ ಮಾಡಿಸುತ್ತಿದ್ದ ನಾನು ಸಂಜೆ ಕೆರೆ ಏರಿಯ ಮೇಲೆ ಸುತ್ತುಹಾಕಿಕೊಂಡು ಮನೆ ಸೇರುತ್ತಿದ್ದೆ. ಏರಿಯ ಗಾಳಿ ಎದೆಗೆ ಒಳ್ಳೆಯದು ಎಂದು ಹೆಂಡತಿಗೆ ಹೇಳಿದ್ದೆ.

ಹೆಂಡತಿ ಮಹದೇವಮ್ಮ ಯಳಂದೂರಿನ ಕಡೆಯವಳು. ಅವಳ ತೌರಿನವರು ಎಮ್ಮೆಗೆ ಮೈತೊಳೆದು ಮುದ್ದು ಮಾಡುತ್ತಿದ್ದರೂ ನಾಯಿಯನ್ನು ಹೊಸ್ತಿಲ ಹತ್ತಿರಕ್ಕೂ ಬಿಟ್ಟವರಲ್ಲ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ತಕರಾರಿಲ್ಲದೆ ಒಪ್ಪಿದ್ದ ಸಂಗತಿ ಇದೊಂದೇ. ಆ ಒಪ್ಪಂದವನ್ನು ಒಂದು ಸಿನಿಮಾ ಒಂದೇ ಸಂಜೆಯಲ್ಲಿ ಹರಿದುಹಾಕಿತು.

ಸಂತೆಮಾಳದ ಪಕ್ಕ ಒಂದು ಟೆಂಟ್ ಸಿನಿಮಾ ಬಿಡಾರ ಹೂಡಿತ್ತು. ಮೈಸೂರಿನಿಂದ ಭಕ್ತಿಚಿತ್ರದ ಡಬ್ಬ ಬರಬೇಕಾಗಿದ್ದ ವಾರ ಅದೇಕೋ ಇಂಗ್ಲಿಷ್ ಚಿತ್ರದ ಡಬ್ಬ ಬಂದಿಳಿಯಿತು. ಬಂದದ್ದನ್ನು ತೋರಿಸಲೇಬೇಕಲ್ಲ. ಟೆಂಟಿನ ಮಾಲೀಕ ಎತ್ತಿನ ಗಾಡಿಗೆ ಮೈಕು ಕಟ್ಟಿ ‘ಮೈ ಜುಮ್ಮೆನ್ನಿಸುವ ಇಂಗ್ಲಿಷ್ ಚಿತ್ರ’ ಎಂದು ಸಾರಿಸಿದ. ಮಹದೇವಮ್ಮ ಆಗ ಚೊಚ್ಚಲ ಬಸುರಿ. ಅವಳ ಆಸೆಗಳನ್ನು ಮುಂದಕ್ಕೆ ಹಾಕುವಂತಿರಲಿಲ್ಲ. “ನೀವು ಪಕ್ದಲ್ಲಿ ಕೂತ್ಕಂಡು ಅರ್ಥ ಏಳ್ತಾ ಇರಿ, ನಾನು ನೋಡ್ತಾ ಇರ್ತೀನಿ” ಎಂದಳು. ಇಂಗ್ಲಿಷ್ ಬಲ್ಲ ಗಂಡನಾಗಿ ಕುರ್ಚಿಯ ಟಿಕೀಟನ್ನೇ ತೆಗೆದೆ.

ಪರದೆಯ ಮೇಲೆ ಚಿತ್ರ ಮೂಡಿದ ಸ್ವಲ್ಪ ಹೊತ್ತಿಗೆ ನನ್ನ ಕತ್ತು ಬೆವರಿತು. ಅದು ಮನುಷ್ಯ ಇನ್ನೂ ಗುಹೆಯಲ್ಲಿದ್ದ ಕಾಲದ ಕತೆ. ಇಂಗ್ಲಿಷ್ ಆಗಿನ್ನೂ ಹುಟ್ಟಿರಲೇ ಇಲ್ಲ. ಚರ್ಮ ಹೊದ್ದ ಗಡ್ಡದ ಜನ ‘ಹ್ರಾಂ’ ಎನ್ನುತ್ತಿದ್ದರು, ‘ಊಗ’ ಎನ್ನುತ್ತಿದ್ದರು, ಉಳಿದದ್ದನ್ನು ಕೋಲಿನಲ್ಲಿ ಹೇಳುತ್ತಿದ್ದರು. ಬೇಟೆಯಲ್ಲಿ ಕಾಲು ಮುರಿದ ಒಬ್ಬನನ್ನು ಅವನ ಕಡೆಯವರು ಹಿಮದಲ್ಲೇ ಬಿಟ್ಟು ಹೋದರು. ಅಲ್ಲಿಗೆ ತನ್ನ ಹಿಂಡು ಬಿಟ್ಟುಹೋದ ಒಂದು ಕುಂಟು ಹೆಣ್ಣುತೋಳವೂ ಬಂತು. ಒಂದೇ ಬೆಂಕಿಯ ಆಚೆ ಈಚೆ ಕೂತು ಎರಡೂ ಒಂದನ್ನೊಂದು ತಿನ್ನುವಂತೆ ನೋಡತೊಡಗಿದವು. ಅವನು ಕೈಲಿದ್ದ ಮೂಳೆಯನ್ನು ಅದರತ್ತ ಎಸೆದು ‘ಊಗ’ ಎಂದ.

“ಏನಂತೆ?” ಎಂದಳು ಮಹದೇವಮ್ಮ.

“ತಂಗೀ, ನೀನೂ ತಿನ್ನು ಅಂತ” ಎಂದೆ.

“ವಸಿ ಜೋರಾಗಿ ಏಳಿ ಸಾ, ನಮ್ಗೂ ಕೇಳ್ಲಿ” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಅಲ್ಲಿಂದ ಮುಂದಕ್ಕೆ ನಾನು ಇಡೀ ಟೆಂಟಿಗೆ ಅರ್ಥ ಹೇಳಿದೆ. ಗಂಟಲು ಒಮ್ಮೆ ತೆರೆದುಕೊಂಡಮೇಲೆ ಮಾತು ತಾನಾಗಿ ಬಂತು. ಅವನು ಒಂದು ಸಲ ಉಸಿರು ಬಿಟ್ಟರೆ ನಾನು ನಾಲ್ಕು ವಾಕ್ಯ ಹೇಳುತ್ತಿದ್ದೆ. ಕೊನೆಗೆ ಅವನು ಸಾಯುವಂತಾಗಿದ್ದ ತೋಳವನ್ನು ಹೆಗಲ ಮೇಲೆ ಹೊತ್ತು ಹಿಮದ ಮೇಲೆ ಕುಂಟಿಕೊಂಡು ನಡೆದಾಗ, ‘ಒಡಹುಟ್ಟಿದವರು ಬಿಟ್ಟುಹೋದರು, ನೀನು ಬಿಡಲಿಲ್ಲವಲ್ಲ ತಂಗೀ’ ಎಂದುಬಿಟ್ಟೆ. ಹೆಂಗಸರ ಕಡೆ ಸೆರಗುಗಳು ಮೇಲೆದ್ದವು. ಗಂಡಸರು ಬೀಡಿ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡರು. ನನಗೂ ಅಳು ಬಂದಿತ್ತು.

ಮಾರನೆಯ ಸಂಜೆ ಕೆರೆ ಏರಿ ಸುತ್ತಿಕೊಂಡು ಮನೆಗೆ ಬಂದರೆ ಆ ಕಂದು ನಾಯಿ ನಮ್ಮ ಜಗಲಿಯ ಮೇಲೆ ಕೂತು ಮುದ್ದೆ ತಿನ್ನುತ್ತಿತ್ತು. ಮಹದೇವಮ್ಮ ಪಕ್ಕದಲ್ಲಿ ಕೂತು “ಬ್ಯಾಗ್ ಬ್ಯಾಗ್ನೆ ನುಂಗ್ಬೇಡ ತಂಗಿ, ನೆತ್ತಿಗತ್ತುತ್ತೆ” ಎನ್ನುತ್ತಿದ್ದಳು. ಹೀಗೆ ನನ್ನ ಅನುವಾದದ ಫಲವಾಗಿ ಆ ನಾಯಿ ನನಗೆ ನಾದಿನಿಯಾಯಿತು. ಬಸುರಿಯ ಮಾತಿಗೆ ಎದುರಾಡುವುದು ಹೇಗೆ? ಜಗಲಿಯವರೆಗೆ ಎಂದು ಶುರುವಾದದ್ದು ನಡುಮನೆಯವರೆಗೆ ಬಂತು. ಅದು ಅವಳ ಸೀರೆಯ ನೆರಿಗೆಗೆ ಮೂಗು ತಾಗಿಸಿಕೊಂಡು ಮಲಗುತ್ತಿತ್ತು. ನಾನು ಚಾಪೆಯ ಕಡೆ ಹೆಜ್ಜೆ ಇಟ್ಟರೆ ಗುರ್ರೆನ್ನುತ್ತಿತ್ತು. ನಮ್ಮ ಮನೆಯಲ್ಲೇ ನಾನು ಗೋಡೆ ಸವರಿಕೊಂಡು ಓಡಾಡುವಂತಾಯಿತು.

ಒಂದು ದಿನ ಬೆಳಿಗ್ಗೆ ಹಿತ್ತಲಿನಿಂದ ಮಹದೇವಮ್ಮನ ಅಳು ಕೇಳಿಸಿತು. ತಂಗಿ ಕಡಲೆಕಾಯಿ ಹೊಲದಲ್ಲಿ ಮುಳ್ಳುಹಂದಿಯನ್ನು ಅಟ್ಟಿಸಿಕೊಂಡು ಹೋಗಿತ್ತು, ಗೆದ್ದುಬಂದಂತಿರಲಿಲ್ಲ. ಮೂತಿ, ತುಟಿ, ನಾಲಿಗೆಯ ತುಂಬ ಮುಳ್ಳು. ಬಾಯಿ ಮುಚ್ಚಲೂ ಆಗದೆ ತೆರೆಯಲೂ ಆಗದೆ ರಕ್ತ ಸುರಿಸುತ್ತ ನಿಂತಿತ್ತು. ಊರಿನ ದನದ ಡಾಕ್ಟರು ರಜದಲ್ಲಿದ್ದರು. ಕೊಳ್ಳೇಗಾಲಕ್ಕೇ ಹೋಗಬೇಕು.

“ನೀರೂ ಕುಡಿಯಕಾಯ್ತಿಲ್ಲ ಅದ್ಕೆ. ಇಂಗೇ ಬುಟ್ರೆ ಸತ್ತೋಯ್ತದೆ” ಎಂದಳು ಮಹದೇವಮ್ಮ. “ನಾನೇ ಓಗ್ತಿದ್ದೆ, ಈ ಒಟ್ಟೆ ಒತ್ಕಂಡು ಬಸ್ಸಲ್ಲಿ ಎಂಗೋಗ್ಲಿ?” ಅವಳು ಬೆಳಿಗ್ಗೆಯಿಂದ ಒಂದು ತೊಟ್ಟು ಕಾಫಿ ಕುಡಿದಿರಲಿಲ್ಲ. ನನಗೆ ಹೊಳೆದದ್ದು ಒಂದೇ ಧೈರ್ಯದ ಮಾತು: ಬಾಯಿ ತುಂಬ ಮುಳ್ಳಿರುವ ನಾಯಿ ಕಚ್ಚಲಾರದು. ಅದನ್ನು ಗೋಣಿಚೀಲದಲ್ಲಿ ಕತ್ತಿನವರೆಗೆ ಇಳಿಸಿ, ಮಗುವಿನಂತೆ ಎದೆಗವಚಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ. “ನಾಯಿಗೀಯಿ ಅತ್ತಿಸ್ಕಳಕಿಲ್ಲ ಸಾ.”

ಮುಂದಿನ ಸೀಟಿನಲ್ಲಿ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಬಗ್ಗಿ ನೋಡಿದಳು. “ಅದ್ರ ಮೊಕ ನೋಡ್ಲಾ, ಎಂಗಾಗದೆ. ಆ ಟೆಂಟಿನ್ ಸಿನ್ಮಾದಲ್ಲಿ ಅವ್ನು ತೋಳನ್ನ ಎಗಲ್ ಮೇಲೆ ಒತ್ಕಂಡು ಐಸ್ ಮೇಲೆ ನಡೀನಿಲ್ವಾ? ಅರ್ಥ ಏಳಿದ್ದು ಇವ್ರೇ ಕಣ್ಲಾ.”

“ನಾನೂ ನೋಡಿವ್ನಿ ಕಣಜ್ಜಿ, ಅತ್ತೂ ಇವ್ನಿ” ಎಂದ ಕಂಡಕ್ಟರ್. “ಆದ್ರೆ ಅಲ್ಲಿ ಬಸ್ಸಿರ್ನಿಲ್ಲ, ಚೆಕಿಂಗೂ ಇರ್ನಿಲ್ಲ.”

“ಚೆಕಿಂಗ್ನೋರು ಬಂದ್ರೆ ನನ್ ಬುಟ್ಟಿ ಇಂದೆ ಮಡಗ್ತೀನಿ. ಅತ್ತಿಸ್ಕೊ.”

ಅವನು ಆಚೀಚೆ ನೋಡಿ ಕೈ ತೆಗೆದ. ಕೊಳ್ಳೇಗಾಲ ಬರುವವರೆಗೂ ಬಸ್ಸಿನವರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾಯಿಯ ರಕ್ತ ನನ್ನ ಅಂಗಿಗೆ ಇಳಿಯುತ್ತಿತ್ತು. ಅದರ ಎದೆ ನನ್ನ ಕೈಗೆ ಬಡಿಯುತ್ತಿತ್ತೋ, ನನ್ನ ಎದೆ ಅದಕ್ಕೆ ಬಡಿಯುತ್ತಿತ್ತೋ ಗೊತ್ತಾಗಲಿಲ್ಲ.

ಕೊಳ್ಳೇಗಾಲದ ಡಾಕ್ಟರು ಇಕ್ಕಳ ಹಿಡಿದುಕೊಂಡು, “ತಲೆ ಗಟ್ಟಿಯಾಗಿ ಹಿಡ್ಕೊಳ್ಳಿ. ನಿಮ್ಮ ನಾಯಿ ತಾನೆ, ನಿಮಗೇನೂ ಮಾಡಲ್ಲ” ಎಂದರು. ಅದು ನನ್ನ ಹೆಂಡತಿಯ ನಾಯಿ, ನಮ್ಮಿಬ್ಬರಿಗೆ ಮಾತುಕತೆಯಿಲ್ಲ ಎಂದು ವಿವರಿಸುವ ಸಮಯ ಅದಾಗಿರಲಿಲ್ಲ. ಒಂದೊಂದು ಮುಳ್ಳು ಕಿತ್ತಾಗಲೂ ಅದು ಕುಂಯ್ಗುಟ್ಟಿ ನನ್ನ ಕಂಕುಳಿಗೆ ಮೂತಿ ತುರುಕುತ್ತಿತ್ತು. ಮುಳ್ಳು ಕಡಿಮೆಯಾದಷ್ಟೂ ನನಗೆ ಭಯ ಹೆಚ್ಚಾಗುತ್ತಿತ್ತು. ಕಡೆಯ ಮುಳ್ಳು ಬಂದದ್ದೇ ಅದು ಬಾಯನ್ನು ಅಗಲವಾಗಿ ತೆರೆಯಿತು. ನಾನು ಕಣ್ಣು ಮುಚ್ಚಿದೆ. ಮುಖದ ಮೇಲೆ ತುಂತುರು ಬಿತ್ತು.

“ಸೀನಿತು ಅಷ್ಟೆ. ಕಣ್ಣು ಬಿಡಿ ಮೇಷ್ಟ್ರೇ” ಎಂದರು ಡಾಕ್ಟರು. ಒಂದು ಸೂಜಿ ಚುಚ್ಚಿ, ನಿದ್ದೆ ಮಾಡುತ್ತೆ, ಮಾಡಲಿ ಎಂದರು.

ಸಂಜೆ ಬಿಸಿಲಿಗೆ ವಾಪಸು ಹೊರಟ ಬಸ್ಸು ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವುದು. ತಂಗಿ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಈಗ ಅದರ ಬಾಯಲ್ಲಿ ಮುಳ್ಳಿಲ್ಲ, ಹಲ್ಲುಗಳೆಲ್ಲ ಇವೆ ಎಂಬುದು ನನಗೆ ನೆನಪಿತ್ತು. ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ಹನೂರು ಬಂತು.

“ಇಳೀರಿ ಸಾ” ಎಂದ ಕಂಡಕ್ಟರ್. ಬೆಳಗಿನವನೇ.

“ಸ್ವಲ್ಪ ಮುಂದೆ ಇಳಿದುಕೊಳ್ಳುತ್ತೇನೆ” ಎಂದೆ.

“ಮುಂದೆ ಎಲ್ಲಿ?”

“ಇದು ಎಲ್ಲಿ ಏಳುತ್ತೋ ಅಲ್ಲಿ.”

ಅವನು ನನ್ನನ್ನೂ ನಾಯಿಯನ್ನೂ ನೋಡಿ ಸೀಟಿ ಊದಿದ. ಅದು ಎದ್ದದ್ದು ಮೈಲುಗಟ್ಟಲೆ ಆಚೆ, ಬೆಟ್ಟದ ದಾರಿಯ ಕೌದಳ್ಳಿಯಲ್ಲಿ. ಇಳಿದು, ಎದುರಿನಿಂದ ಬಂದ ಬಸ್ಸು ಹತ್ತಿ ಮನೆ ಸೇರಿದಾಗ ಮಹದೇವಮ್ಮ ಬಾಗಿಲಲ್ಲೇ ನಿಂತಿದ್ದಳು. “ಕೊಳ್ಳೇಗಾಲದ ಬಸ್ಸು ಆಗ್ಲೇ ಓಯ್ತಲ್ಲ, ಎಲ್ಲೋಗಿದ್ರಿ?” ಎಂದಳು. ಇದ್ದದ್ದನ್ನು ಹೇಳಿದೆ: ಎಬ್ಬಿಸಿದರೆ ಕಚ್ಚೀತೆಂದು ಭಯವಾಯಿತು. ಅವಳು ನನ್ನ ಅಂಗಿಯ ರಕ್ತದ ಕಲೆಯನ್ನೇ ಸ್ವಲ್ಪ ಹೊತ್ತು ನೋಡಿ, “ಭಯ್ವಂತೆ” ಎಂದು ಮೆಲ್ಲಗೆ ನಕ್ಕಳು.

ಹೆರಿಗೆಗೆ ತೌರಿಗೆ ಹೋದವಳು, “ನಾಯಿ ನಿದ್ದೆ ಕೆಡ್ತದೆ ಅಂತ ನಮ್ಮನೆಯವ್ರು ಕೌದಳ್ಳಿಗಂಟ ಓಗಿದ್ರು” ಎಂದು ಅಲ್ಲೆಲ್ಲ ಹೇಳಿಬಿಟ್ಟಳು. ಆಗಿನಿಂದ ನಾನು ಯಳಂದೂರಿಗೆ ಹೋದರೆ ಸಾಕು, ಆಚೀಚೆ ಬೀದಿಯ ಯಾರಾದರೊಬ್ಬರು ತಮ್ಮ ಸೊರಗಿದ ನಾಯಿಯನ್ನು ತಂದು, “ನೀವೇ ವಸಿ ನೋಡಿ ಮೇಷ್ಟ್ರೇ” ಎಂದು ನನ್ನ ತೊಡೆಯ ಮೇಲೆ ಮಲಗಿಸುತ್ತಾರೆ. ನಾನು ಉಸಿರು ಬಿಗಿಹಿಡಿದು, ಕೈ ಎಲ್ಲಿಡಬೇಕೆಂದು ತಿಳಿಯದೆ, ಕಲ್ಲಿನಂತೆ ಕೂರುತ್ತೇನೆ. ಸುತ್ತ ನಿಂತವರು, ನೋಡಿ, ಎಂಥಾ ಪ್ರೀತಿ, ಅಲ್ಲಾಡೋದೇ ಇಲ್ಲ ಎನ್ನುತ್ತಾರೆ.